ಸಮನ್ವಯವೆಂಬ ಮಾತು: ಬಿಳಿಗಿರಿರಂಗನ ಬೆಟ್ಟದ ವೈದ್ಯವನ್ನು ಕುರಿತು

ಪಾಶ್ಚಾತ್ಯ ವೈದ್ಯದಲ್ಲಿ ಶಿಕ್ಷಣ ಪಡೆದವರು ದೇಶೀಯ ಚಿಕಿತ್ಸೆಯನ್ನೂ ಕೈಗೊಂಡರೆ ಅದನ್ನು ‘ಸಮನ್ವಯ’ವೆಂದು ಕೊಂಡಾಡುವುದು ವಾಡಿಕೆಯಾಗಿದೆ. ಈ ಮಾತು ಎಷ್ಟರಮಟ್ಟಿಗೆ ಸಾರ್ಥಕವೆಂಬುದನ್ನು ಯಳಂದೂರು ಸೀಮೆಯ ನಿದರ್ಶನದಿಂದ ಪರಿಶೀಲಿಸುವುದು ನಮ್ಮ ಉದ್ದೇಶ.

ಮೊದಲು ಹೊರಗಿನ ಒಂದು ಉದಾಹರಣೆಯನ್ನು ನೋಡೋಣ. 1938ರಲ್ಲಿ ಚೀನಾಕ್ಕೆ ತೆರಳಿದ ಐವರು ಭಾರತೀಯ ವೈದ್ಯರಲ್ಲಿ ಒಬ್ಬರಾದ ಡಾ. ಬಿ. ಕೆ. ಬಸು ಅವರು ಮುಂದೆ ಅಲ್ಲಿಯೇ ಆಕ್ಯುಪಂಕ್ಚರ್ ಎಂಬ ಸೂಜಿಚಿಕಿತ್ಸೆಯನ್ನು ಕಲಿತು, 1959ರ ಸುಮಾರಿಗೆ ಅದನ್ನು ಕಲ್ಕತ್ತೆಗೆ ತಂದರು. ಆಧುನಿಕ ವೈದ್ಯರಲ್ಲಿ ಅನೇಕರು ಸೂಜಿಯನ್ನು ಸ್ವೀಕರಿಸಿದರು. ಆದರೆ ದೇಹದಲ್ಲಿ ‘ಚೀ’ ಎಂಬ ಪ್ರಾಣಶಕ್ತಿ ಹರಿಯುವುದೆಂಬ ಚೀನೀ ತತ್ತ್ವವನ್ನು ಬದಿಗಿಟ್ಟು, ನರಮಂಡಲದ ಮೂಲಕ ಅದರ ಪರಿಣಾಮವನ್ನು ವಿವರಿಸಿದರು. ಉಪಕರಣ ಉಳಿಯಿತು, ಅದರ ಹಿಂದಿನ ಅರಿವು ಹೊರಗುಳಿಯಿತು. ಇದು ಆಯ್ಕೆಯೇ ಹೊರತು ಸಮನ್ವಯವಲ್ಲ.

ಬಿಳಿಗಿರಿರಂಗನ ಬೆಟ್ಟದಲ್ಲಿ ನಡೆದುದೇನು? ಡಾ. ಎಚ್. ಸುದರ್ಶನ್ ಅವರು 1981ರಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವನ್ನು ಸ್ಥಾಪಿಸಿ, ಸೋಲಿಗರ ನಡುವೆ ಆಸ್ಪತ್ರೆ, ಶಾಲೆಗಳನ್ನು ಬೆಳೆಸಿದರು. ಸೋಲಿಗರ ಗಿಡಮೂಲಿಕೆಯ ಅರಿವಿಗೆ ಅಲ್ಲಿ ಮನ್ನಣೆ ದೊರೆಯಿತು. ಸೋಲಿಗ ಹೆಣ್ಣುಮಕ್ಕಳೇ ದಾದಿಯರಾಗಿ ತರಬೇತಿ ಪಡೆದರು. 1994ರಲ್ಲಿ ರೈಟ್ ಲೈವ್ಲಿಹುಡ್ ಪ್ರಶಸ್ತಿ ಬಂದಿತು. ಈ ಸೇವೆಯ ಹಿರಿಮೆಯಲ್ಲಿ ನಮಗೆ ಸಂಶಯವಿಲ್ಲ. ನಮ್ಮ ಆಕ್ಷೇಪವಿರುವುದು ಇದನ್ನು ಕುರಿತು ಬರೆಯುವ ರೀತಿಯಲ್ಲಿ. ಇಂತಹ ಬರಹಗಳಲ್ಲಿ ವೈದ್ಯರ ಹೆಸರು ಇರುತ್ತದೆ. ಬೇರು, ತೊಗಟೆಗಳ ಗುಣವನ್ನು ತಿಳಿಸಿದ ಹಿರಿಯನು ಮಾತ್ರ ‘ಸೋಲಿಗರು’ ಎಂಬ ಸಮೂಹವಾಚಕದಲ್ಲಿ ಮರೆಯಾಗುತ್ತಾನೆ.

ಈ ಮರೆವಿಗೆ ದಾಖಲೆಗಳ ಸ್ಥಿತಿಯೂ ಕಾರಣ. 1800ರಲ್ಲಿ ಈ ಸೀಮೆಯಲ್ಲಿ ಸಂಚರಿಸಿ ಸೋಲಿಗರನ್ನು ಕುರಿತು ಬರೆದ ಫ್ರಾನ್ಸಿಸ್ ಬುಕಾನನ್ ಸ್ವತಃ ವೈದ್ಯನಾಗಿದ್ದರೂ ಹೊರಗಿನಿಂದ ನೋಡಿದವನು. ಅನಂತರ ಯಳಂದೂರು ಪೂರ್ಣಯ್ಯನವರ ಜಹಗೀರಾಗಿ ಮೈಸೂರಿನಲ್ಲಿ ಉಳಿಯಿತು. ನೆರೆಯ ಕೊಳ್ಳೇಗಾಲ 1956ರವರೆಗೆ ಮದರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಒಂದೇ ಬೆಟ್ಟಸಾಲಿನ ಜನರ ಸಂಗತಿ ಎರಡು ಸರ್ಕಾರಗಳ ಕಡತಗಳಲ್ಲಿ ಹಂಚಿಹೋಯಿತು. ವೈದ್ಯವಾದರೋ ಬಾಯಿಂದ ಬಾಯಿಗೆ ಬಂದುದು.

ಹಾಗೆಂದು ದೇಶೀಯವಾದುದೆಲ್ಲವೂ ಸಮರ್ಥವೆಂದು ವಾದಿಸುವುದು ಇನ್ನೊಂದು ತಪ್ಪು. ಯಳಂದೂರು ತಾಲ್ಲೂಕಿನ ಕುಷ್ಠರೋಗವನ್ನು ಎದುರಿಸಲು ಡಾ. ಸುದರ್ಶನ್ ಅವರು ಕರುಣಾ ಟ್ರಸ್ಟನ್ನು ಆರಂಭಿಸಿದಾಗ ನೆರವಾದುದು ಆಧುನಿಕ ಬಹುಔಷಧ ಚಿಕಿತ್ಸೆ. ಅದಕ್ಕೂ ಮುನ್ನ ಪಾಶ್ಚಾತ್ಯ ವೈದ್ಯರು ನಮ್ಮ ನಾಡಿನಿಂದಲೇ ಪಡೆದ ಚಾಲ್ಮೋಗ್ರ ಎಣ್ಣೆಯನ್ನು ಬಹುಕಾಲ ಬಳಸಿದ್ದರು. ಮೇಲಾದ ಔಷಧ ಬಂದಾಗ ಅದನ್ನು ಕೈಬಿಟ್ಟರು. ಅದು ನ್ಯಾಯವೇ. ಪರೀಕ್ಷೆಗೆ ಒಡ್ಡುವುದು ಅವಮಾನವಲ್ಲ. ಪರೀಕ್ಷೆಯಿಲ್ಲದೆ ಹೊಗಳುವುದೂ ಗೌರವವಲ್ಲ.

ಮತ್ತೊಂದು ಸಂಗತಿ ಚಿಕಿತ್ಸಾಲಯದ ಹೊರಗಿದೆ. 1974ರಲ್ಲಿ ಈ ಕಾಡು ವನ್ಯಧಾಮವಾದ ಬಳಿಕ ಸೋಲಿಗರ ಪೋಡುಗಳೂ ಬೇಸಾಯವೂ ಸ್ಥಳಾಂತರಕ್ಕೆ, ನಿರ್ಬಂಧಕ್ಕೆ ಒಳಗಾದುವು. 2011ರಲ್ಲಿ ಅದು ಹುಲಿ ಸಂರಕ್ಷಿತ ಪ್ರದೇಶವಾಯಿತು; ಅದೇ ವರ್ಷ ಅನೇಕ ಪೋಡುಗಳ ಗ್ರಾಮಸಭೆಗಳಿಗೆ ಸಮುದಾಯ ಅರಣ್ಯಹಕ್ಕು ದೊರೆಯಿತು. ಕಾಡಿಗೆ ಹೋಗಲಾರದ ಮದ್ದುಗಾರನ ಅರಿವು ಎಷ್ಟು ಕಾಲ ಉಳಿದೀತು? ಆಸ್ಪತ್ರೆಯ ಅಂಗಳದಲ್ಲಿ ನಾಲ್ಕು ಗಿಡ ನೆಟ್ಟರೆ, ಯಾವ ಇಳಿಜಾರಿನಲ್ಲಿ, ಯಾವ ಋತುವಿನಲ್ಲಿ ಬೇರನ್ನು ಕೀಳಬೇಕೆಂಬ ತಿಳಿವಳಿಕೆ ಬೆಳೆಯದು. ಆದುದರಿಂದ ಸಮನ್ವಯದ ಪ್ರಶ್ನೆ ಅರಣ್ಯಹಕ್ಕಿನ ಪ್ರಶ್ನೆಯೂ ಹೌದು.

ಎರಡು ವೈದ್ಯಗಳು ಅಕ್ಕಪಕ್ಕದಲ್ಲಿ ಇರುವುದು ಸಹವಾಸ. ಒಂದು ಇನ್ನೊಂದನ್ನು ಪ್ರಶ್ನಿಸಿ, ತಾನೂ ಪ್ರಶ್ನೆಗೆ ಒಳಗಾಗಿ, ಕಲಿತುದನ್ನು ಕಲಿಸಿದವನ ಹೆಸರಿನೊಡನೆ ಬರೆದಿಟ್ಟಾಗ ಮಾತ್ರ ಸಮನ್ವಯವೆನ್ನಬಹುದು. ರೋಗಿಯ ವಹಿಯಲ್ಲಿ ಮಾತ್ರೆಯ ಹೆಸರಿರುವಂತೆ, ಅವನು ಮೊದಲೇ ಸೇವಿಸಿದ ಮದ್ದಿನ ಹೆಸರೂ, ಮದ್ದುಗಾರನು ಒಪ್ಪಿದರೆ ಅವನ ಹೆಸರೂ ಇರಲಿ. ಇತಿಹಾಸದ ವಿದ್ಯಾರ್ಥಿಗಳು ಹಿರಿಯರ ಬಳಿ ಕುಳಿತು ಬರೆದುಕೊಳ್ಳುವ ಕೆಲಸವನ್ನು ಇನ್ನು ಮುಂದೂಡಲಾಗದು. ಆ ಹಿರಿಯರು ನಮ್ಮ ಅನುಕೂಲಕ್ಕಾಗಿ ಕಾದಿರುವುದಿಲ್ಲ.