ಪಂಕ್ಚರ್ ಆಗದಿದ್ದರೆ ಸಾಕೆ?

ಮೊಬಿಲಿಟಿ ಸ್ಕೂಟರ್ ಕೊಳ್ಳಲು ಹೋದವರು ಬ್ಯಾಟರಿ ಎಷ್ಟು ದೂರ ಬರುತ್ತದೆ, ಮಡಚಿ ಕಾರಿನಲ್ಲಿ ಇಡಬಹುದೇ ಎಂದೆಲ್ಲ ವಿಚಾರಿಸುತ್ತಾರೆ. ಟೈರಿನ ಮಾತು ಬಂದರೆ ಮಾರುವವರದು ಸಿದ್ಧ ಉತ್ತರ: ‘ಸಾಲಿಡ್ ಟೈರು, ಪಂಕ್ಚರ್ ಚಿಂತೆಯೇ ಇಲ್ಲ.’

ಈ ಮಾತನ್ನು ತಳ್ಳಿಹಾಕುವಂತಿಲ್ಲ. ಬೈಕ್ ಪಂಕ್ಚರ್ ಆದರೆ ತಳ್ಳಿಕೊಂಡು ಹೋಗಬಹುದು; ನಡೆಯಲಾಗದೆ ಸ್ಕೂಟರ್ ಹತ್ತಿದವರು ಏನು ಮಾಡಬೇಕು? ಆದರೆ ಆ ಭಯವೊಂದನ್ನೇ ನೋಡಿ ಆರಿಸುವುದು ತಪ್ಪು. ಗಾಳಿಯಿಲ್ಲದ ರಬ್ಬರು ರಸ್ತೆಯ ಕುಲುಕನ್ನೆಲ್ಲ ಬೆನ್ನಿಗೆ ಮುಟ್ಟಿಸುತ್ತದೆ. ಸಂಧಿವಾತ ಇರುವವರಿಗೆ ಅದು ಮನೆಯಲ್ಲೇ ಉಳಿಯಲು ಸಾಕಷ್ಟು ಕಾರಣ. ಮಾಲ್, ಆಸ್ಪತ್ರೆಗಳ ನುಣುಪು ನೆಲಕ್ಕೆ ಸಾಲಿಡ್ ಟೈರು ಸರಿಯೇ. ಅಲ್ಲೂ ಬೂದು ಬಣ್ಣದ್ದು ಲೇಸು. ಕಪ್ಪು ಟೈರಿನ ಕಾರ್ಬನ್ ನೆಲದ ಮೇಲೆ ಗುರುತು ಬಿಡುತ್ತದೆ.

ಬೀದಿಗೆ ಬಂದರೆ ಟೈರಿನ ಬಗೆಯಷ್ಟೇ ಚಕ್ರದ ಗಾತ್ರವೂ ಮುಖ್ಯ. ಮಡಚುವ ಸಣ್ಣ ಸ್ಕೂಟರ್‌ಗಳ ಚಕ್ರ ಸುಮಾರು 200 ಮಿ.ಮೀ. ‘3.00-4’ ಎಂಬ ಟೈರು, ಅಂದರೆ 3 ಇಂಚು ಅಗಲದ್ದು, 4 ಇಂಚಿನ ರಿಮ್‌ಗೆ ಕೂರುವಂಥದ್ದು, ಸುಮಾರು 260 ಮಿ.ಮೀ. ಮುಂದಿನ ಚಕ್ರ ತನ್ನ ಅರ್ಧವ್ಯಾಸಕ್ಕಿಂತ ಎತ್ತರದ ಅಂಚಿಗೆ ತಾಗಿದರೆ ಹಿಂದಿನ ಮೋಟಾರು ಎಷ್ಟು ತಳ್ಳಿದರೂ ಹತ್ತದು. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಫುಟ್‌ಪಾತಿನ ಅಂಚಿಗೆ ಹಾಕಿರುವ ಮಿತಿ 150 ಮಿ.ಮೀ. ಈ ಎರಡೂ ಚಕ್ರಗಳಿಗೆ ಅದು ಗೋಡೆ. ರ್‍ಯಾಂಪ್ ಇಲ್ಲದೆ ಗತಿಯಿಲ್ಲ. ಆದರೆ ಗುಂಡಿ, ಎದ್ದ ಚಪ್ಪಡಿ, ಚರಂಡಿಯ ಜಾಲರಿ ದಾಟುವಾಗ ದೊಡ್ಡ ಚಕ್ರದ ಬೆಲೆ ತಿಳಿಯುತ್ತದೆ.

ಗಾಳಿ ಟೈರಿಗೆ ಆರೈಕೆ ಬೇಕು. ಟ್ಯೂಬು ಚಿಕ್ಕದು, ಬಂಕಿನ ಕಂಪ್ರೆಸರ್ ಹಿಡಿದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಗಾಳಿ ಹೆಚ್ಚಾದೀತು. ಹಲವು ರಿಮ್‌ಗಳು ಬೋಲ್ಟ್ ಹಾಕಿ ಜೋಡಿಸಿದ ಎರಡು ಹೋಳು. ಗಾಳಿ ಪೂರ್ತಿ ತೆಗೆಯದೆ ಬಿಚ್ಚಿದರೆ ಅಪಾಯ. ಇದನ್ನು ಪಂಕ್ಚರ್ ಅಂಗಡಿಯವರಿಗೆ ಮೊದಲೇ ಹೇಳಬೇಕು. ಫೋಮ್ ತುಂಬಿದ ಟೈರು ನಡುದಾರಿ: ಪಂಕ್ಚರ್ ಇಲ್ಲ, ಆದರೆ ತೂಕ ಹೆಚ್ಚು, ಗಾಳಿಯಷ್ಟು ಮೆತ್ತಗಿಲ್ಲ. ಯಾವುದೇ ಇರಲಿ, ಹಿಂದಿನ ಟೈರು ಸವೆಯುವವರೆಗೆ ಕಾಯಬಾರದು. ಈ ಸ್ಕೂಟರ್‌ಗಳಲ್ಲಿ ಸಾಮಾನ್ಯವಾಗಿ ಬ್ರೇಕ್ ಹಿಡಿಯುವುದು ಹಿಂದಿನ ಚಕ್ರಗಳನ್ನೇ.

ನನ್ನ ತೀರ್ಪು ಇಷ್ಟು: ದಿನವೂ ಬೀದಿಗಿಳಿಯುವವರಿಗೆ ಗಾಳಿ ಟೈರು, ಪಂಕ್ಚರ್ ಹಾಕುವವರು ಹತ್ತಿರವಿಲ್ಲದಿದ್ದರೆ ಫೋಮ್, ಒಳಾಂಗಣಕ್ಕೆ ಸಾಲಿಡ್. ಅಂಗಡಿಯ ಟೈಲ್ಸ್ ಮೇಲೆ ಎಲ್ಲ ಚಕ್ರವೂ ಚೆನ್ನಾಗಿಯೇ ಓಡುತ್ತದೆ. ಹೊರಗಿನ ರಸ್ತೆಗಿಳಿಸಿ ನೋಡಲು ಬಿಡದವರ ಬಳಿ ಕೊಳ್ಳಬೇಡಿ.