ಬಣ್ಣ ಬಳಿದ ಹಾಸು

ನೆಲಕ್ಕೆ ಹಾಸುವುದು ನೇಯ್ದದ್ದೇ ಆಗಬೇಕೆಂದೇನೂ ಇಲ್ಲ. 18ನೇ ಶತಮಾನದ ಇಂಗ್ಲೆಂಡ್, ಅಮೆರಿಕದ ಮನೆಗಳಲ್ಲಿ ದಪ್ಪ ಕ್ಯಾನ್ವಾಸಿಗೆ ಪದರ ಪದರವಾಗಿ ಎಣ್ಣೆಬಣ್ಣ ಬಳಿದು, ಕಪ್ಪು ಬಿಳುಪಿನ ಚೌಕಗಳನ್ನು ಮೂಡಿಸಿ ಹಾಸುತ್ತಿದ್ದರು. ಅಮೃತಶಿಲೆಯ ಠೀವಿ, ಕ್ಯಾನ್ವಾಸಿನ ಖರ್ಚಿನಲ್ಲಿ! ಅಧ್ಯಕ್ಷ ಥಾಮಸ್ ಜೆಫರ್ಸನ್ನರ ಊಟದ ಕೋಣೆಯಲ್ಲೂ ಹಸಿರು ಬಳಿದ ಇಂಥದೇ ಹಾಸಿತ್ತು. 1863ರಲ್ಲಿ ಪೇಟೆಂಟ್ ಪಡೆದ ಲಿನೋಲಿಯಂ ಮುಂದೆ ಇದನ್ನು ಮೂಲೆಗೆ ತಳ್ಳಿತು.

ಇದನ್ನು ಮನೆಯಲ್ಲೇ ಮಾಡಿಕೊಳ್ಳಬಹುದು, ಅದೇ ಇದರ ದೊಡ್ಡ ಗುಣ. ಈಗ ಅಕ್ರಿಲಿಕ್ ಬಣ್ಣವೇ ಸಾಕು. ಎಲೆ, ಹೂಗಳ ಚಿತ್ತಾರವನ್ನು ಸ್ಟೆನ್ಸಿಲ್‌ನಿಂದ, ಅಂದರೆ ಆಕಾರ ಕತ್ತರಿಸಿ ತೆಗೆದ ಹಾಳೆಯಿಂದ, ಮೂಡಿಸಬಹುದು. ಅದರ ಸೊಗಸೆಲ್ಲ ಕೈಹಿಡಿತದಲ್ಲಿದೆ: ಬಣ್ಣಕ್ಕದ್ದಿದ ಬ್ರಷ್ಷನ್ನು ಹಳೇ ಬಟ್ಟೆಗೆ ಒರೆಸಿ, ಒಣಗಿತೇನೋ ಅನ್ನಿಸಿದ ಮೇಲೆ ನೆಟ್ಟಗೆ ಹಿಡಿದು ಮೆಲ್ಲಗೆ ಕುಟ್ಟಬೇಕು. ಎಳೆದರೆ ಬಣ್ಣ ಹಾಳೆಯಡಿಗೆ ನುಸುಳಿ ಎಲೆಯ ಅಂಚು ಕದಡುತ್ತದೆ. ಅಂಚುಪಟ್ಟಿಯನ್ನು ನಡುವಿನಿಂದ ಶುರುಮಾಡಿ ಮೂಲೆಯತ್ತ ಹೋದರೆ ಎರಡೂ ಬದಿ ಸಮವಾಗಿ ಬರುತ್ತವೆ. ಆದರೂ ಒಂದು ಹೂ ಗಾಢ, ಪಕ್ಕದ್ದು ತುಸು ತೆಳು. ಅಂಗಡಿಯ ಪ್ರಿಂಟೆಡ್ ಮ್ಯಾಟಿಗಿಂತ ನನಗೆ ಈ ಏರುಪೇರೇ ಇಷ್ಟ.

ಮೇಲೆ ವಾರ್ನಿಷ್ ಕೊಟ್ಟರೆ ಒದ್ದೆಬಟ್ಟೆಯಲ್ಲಿ ಒರೆಸಬಹುದು. ಎತ್ತಿಡುವಾಗ ಮಾತ್ರ ಮಡಚಬಾರದು, ಬಣ್ಣ ಬಿರುಕುಬಿಡುತ್ತದೆ; ಚಿತ್ರ ಹೊರಗಿರುವಂತೆ ಸುರುಳಿ ಸುತ್ತಿಡಬೇಕು.