ಕಾಯುವ ಪ್ರೀತಿ, ಕಳುಹಿಸಿಕೊಡುವ ಪ್ರೀತಿ

ಆಂಡ್ರ್ಯೂ ಸ್ಟಾಂಟನ್ ನಿರ್ದೇಶನದಲ್ಲಿ 2003ರಲ್ಲಿ ತೆರೆಕಂಡ ‘ಫೈಂಡಿಂಗ್ ನೀಮೋ’ ಅನಿಮೇಷನ್ ಚಿತ್ರವನ್ನು ನೀವು ಮಕ್ಕಳೊಡನೆ ನೋಡಿರಬಹುದು. ಮೊದಲಲ್ಲೇ ದೊಡ್ಡ ಮೀನೊಂದು ತಾಯಿಯನ್ನೂ ನೂರಾರು ಮೊಟ್ಟೆಗಳನ್ನೂ ಬಲಿತೆಗೆದುಕೊಳ್ಳುತ್ತದೆ. ಉಳಿಯುವುದು ಒಂದೇ ಮೊಟ್ಟೆ. ನಕ್ಕು ನಲಿಯಬೇಕಾದ ಚಿತ್ರದಲ್ಲಿ ಇಂಥ ದೃಶ್ಯವೇಕೆಂಬುದು ಕೆಲವು ಪ್ರೇಕ್ಷಕರ ಆಕ್ಷೇಪ.

ಆಕ್ಷೇಪದಲ್ಲಿ ಹುರುಳಿದೆ, ತೀರ ಎಳೆಯ ಮಕ್ಕಳ ಪಕ್ಕದಲ್ಲಿ ಹಿರಿಯರಿರುವುದು ಒಳ್ಳೆಯದು. ಆದರೆ ಆ ದೃಶ್ಯವನ್ನು ಕತ್ತರಿಸಿದರೆ ತಂದೆ ಮಾರ್ಲಿನ್‌ನ ಅತಿಯಾದ ಕಾವಲು ಬರಿಯ ನಗೆಪಾಟಲಾಗುತ್ತಿತ್ತು. ಒಂದು ಈಜುರೆಕ್ಕೆ ಚಿಕ್ಕದಾದ ಮಗನಿಗೆ ಅವನು ಹೆಜ್ಜೆಹೆಜ್ಜೆಗೂ ‘ನಿನ್ನಿಂದಾಗದು’ ಎನ್ನುವುದರ ಹಿಂದೆ ಆ ಸಾವಿನ ನೆನಪಿದೆ. ಆ ಮಾತಿನಿಂದ ನೊಂದ ನೀಮೋ ಹಟಕ್ಕೆ ಬಿದ್ದು ಮುಕ್ತ ಸಾಗರಕ್ಕಿಳಿದು, ಮನುಷ್ಯನ ಕೈಗೆ ಸಿಕ್ಕಿ, ಸಿಡ್ನಿಯ ದಂತವೈದ್ಯರೊಬ್ಬರ ಗಾಜಿನ ತೊಟ್ಟಿ ಸೇರುತ್ತಾನೆ. ಹುಡುಕಾಟದಲ್ಲಿ ಜೊತೆಯಾಗುವ ಡೋರಿಯ ಮರೆವು ನಮ್ಮನ್ನು ನಗಿಸುತ್ತದೆ. ಅಪರಿಚಿತರನ್ನು ನಂಬುವ ಧೈರ್ಯವನ್ನು ಮಾರ್ಲಿನ್ ಕಲಿಯುವುದೂ ಅವಳಿಂದಲೇ.

ಕೊನೆಗೆ ಮಗ ಕೈಸೇರಿದ ಗಳಿಗೆಯಲ್ಲೇ ಡೋರಿ ಮೀನುಗಾರರ ಬಲೆಗೆ ಬೀಳುತ್ತಾಳೆ. ಅವಳನ್ನು ಉಳಿಸಲು ನೀಮೋ ಬಲೆಯೊಳಕ್ಕೆ ಹೋಗಬೇಕು, ತಂದೆ ಹೋಗಗೊಡಬೇಕು. ಮಾರ್ಲಿನ್ ಮನಸ್ಸು ಗಟ್ಟಿಮಾಡಿ ಕಳುಹಿಸುತ್ತಾನೆ. ಚಿತ್ರದ ನಿಜವಾದ ಸಾಹಸ ಇದೇ.

ಓದುಗರೇ, ಮಕ್ಕಳನ್ನು ಕಾಯುವುದು ನಮಗೆ ಗೊತ್ತು. ನಂಬಿ ಕಳುಹಿಸಿಕೊಡುವುದನ್ನು ಕಲಿತಿದ್ದೇವೆಯೇ?